ಸಾಯಬಣ್ಣ ಮಾಸ್ತರ ಮನೆಯ ಕಟ್ಟೆ

ಮಂಗಳವಾರ ಬೆಳಿಗ್ಗೆ ಠಾಣೆಯ ಬಾಗಿಲು ದಾಟುವ ಮೊದಲೇ ಕಲ್ಲಿನಾಥ ಕೂಗಾಡತೊಡಗಿದ್ದ. ಜೇವರ್ಗಿ ತಾಲ್ಲೂಕಿನ ಕಲ್ಲೂರವಾಡಿಯಲ್ಲಿ, ದಲಿತರ ಹಕ್ಕಿಗಾಗಿ ಜೀವಮಾನವಿಡೀ ಹೋರಾಡಿದ ದಿವಂಗತ ಸಾಯಬಣ್ಣ ಮಾಸ್ತರು ಹುಟ್ಟಿ ಬೆಳೆದ ಮನೆಯನ್ನು ಸ್ಮಾರಕ ಮಾಡಿದ್ದರು. ಆ ಸ್ಮಾರಕದ ಸಮಿತಿಗೆ ಕಲ್ಲಿನಾಥನೇ ಕಾರ್ಯದರ್ಶಿ.

"ಏನು ಕಳುವಾಗೇದ?" ಇನ್‌ಸ್ಪೆಕ್ಟರ್ ಹಣಮಂತರಾಯ ಕೇಳಿದ.

"ಕಳುವಾಗಿಲ್ರಿ. ಕಟ್ಯಾರ! ಮನಿ ಮುಂದ ಕಲ್ಲಿನ ಕಟ್ಟಿ ಕಟ್ಯಾರ. ನಿನ್ನೆ ಸೋಮವಾರ, ಸ್ಮಾರಕಕ್ಕ ರಜಾ ಇತ್ತು. ಶುಕ್ರವಾರ ಮಂತ್ರಿಗಳು ಬರಾಕತ್ತಾರ. ಕಾರು ಹೆಂಗ ತಿರುಗಬೇಕ್ರಿ?"

"ಕಿತ್ತಿಸಿ ಒಗೀರಿ. ಇದಕ್ಕ ಕೇಸ್ ಯಾಕ?"

"ಎಫ್‌ಐಆರ್ ಬೇಕ್ರಿ. ಕಟ್ಟಿದವರನ್ನ ಒಳಗ ಹಾಕ್ರಿ."

ಹಣಮಂತರಾಯನ ಪಿತ್ತ ನೆತ್ತಿಗೇರಿತು. ಆದರೂ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದ.

ಹನ್ನೊಂದರ ಹೊತ್ತಿಗೆ ಕಾನ್‌ಸ್ಟೇಬಲ್ ವಿದ್ಯಾವತಿಯ ಜೊತೆ ಸ್ಥಳಕ್ಕೆ ಬಂದ. ಕಲ್ಲಿನಾಥ ಮೊದಲು ಮನೆ ತೋರಿಸಿದ. ಹೊಸದಾಗಿ ಸಾರಿಸಿದ ಮಣ್ಣಿನ ಗೋಡೆ, ಯಾರೂ ಮುಟ್ಟದಂತೆ ಸುತ್ತ ಹಗ್ಗ ಕಟ್ಟಿದ ಹೊರಸು, ಗಾಜಿನ ಪೆಟ್ಟಿಗೆಯಲ್ಲಿ ಮಾಸ್ತರು ಅಕ್ಷರ ತಿದ್ದಿದ ಒಂದು ಪಾಟಿ. ಎಲ್ಲವೂ ಎಷ್ಟು ಚೊಕ್ಕವಾಗಿತ್ತೆಂದರೆ, ಇಲ್ಲಿ ಯಾರೂ ಎಂದೂ ಹಸಿದಿರಲಿಲ್ಲ ಅನ್ನಿಸಬೇಕು.

ಹೊರಗೆ, ಬಾಗಿಲ ಪಕ್ಕ, ಶಹಾಬಾದ್ ಕಲ್ಲಿನ ಸೊಟ್ಟ ಕಟ್ಟೆ. ಅದರ ಮೇಲೆ ಎದುರು ಮನೆಯ ಕುಲಸುಮಬಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು.

"ಇದನ್ನ ಯಾರು ಕಟ್ಟಿದ್ರು?" ಹಣಮಂತರಾಯ ಅವಳನ್ನು ಕೇಳಿದ.

"ಕಂಡಿಲ್ರಿ."

"ಹಾಡಹಗಲ ನಿನ್ನ ಕಣ್ಣೆದುರು ಕಲ್ಲು ಹೊತ್ತಾರ!"

"ನಿದ್ದಿ ಹತ್ತಿತ್ರಿ."

"ಓಣಿಗೆ ಓಣಿನೇ ಮಲಗಿತ್ತೇನಬೇ?"

"ಬಿಸಲು ನೋಡ್ರಿ ಸಾಹೇಬ್ರ. ಎಮ್ಮಿ ಸೈತ ಮಲಗಿದ್ವು."

ಊರಲ್ಲಿ ಗೋಡೆ ಕಟ್ಟುವ ಗೌಂಡಿ ಅಲ್ತಾಫನನ್ನು ಕರೆಸಿದರು.

"ನಿಂದೇ ಕೆಲಸ ಹೌದಲ್ಲೋ?"

ಅಲ್ತಾಫ ಕಟ್ಟೆಯನ್ನು ನೋಡಿ ಸಿಟ್ಟಾದ. "ಬೇಕಾದ್ರ ಜೇಲಿಗೆ ಹಾಕ್ರಿ. ಇಷ್ಟು ಸೊಟ್ಟ ಕಟ್ಟಿದೆ ಅಂತ ಮಾತ್ರ ಬರೀಬ್ಯಾಡ್ರಿ. ನನಗ ಯಾರೂ ಕೆಲಸಾ ಕೊಡಂಗಿಲ್ಲ."

ವಿದ್ಯಾವತಿ ಬಗ್ಗಿ ಸಂದಿಯ ಹಸಿ ಮಣ್ಣನ್ನು ನೋಡುತ್ತಿದ್ದಳು. "ಸರ್, ಕರಣಿ ಮುಟ್ಟಿಲ್ರಿ. ಕೈಲೇ ಮೆತ್ಯಾರ. ಕೈಬಳಿ ಒತ್ತಿದ ಗುರುತದ."

ನೆಲದ ಮೇಲಿನ ಕೆಸರು ಹೆಜ್ಜೆ ಹಿಡಿದು ಹಣಮಂತರಾಯ ಪಕ್ಕದ ಮನೆಯ ಬಾಗಿಲು ಬಡಿದ. ಅಲ್ಲಿದ್ದವಳು ಮಾಸ್ತರ ತಂಗಿ ಸುಮಿತ್ರಾಬಾಯಿ, ಎಪ್ಪತ್ತು ದಾಟಿದವಳು. ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು.

"ನಾನೇ ಕಟ್ಟೇನಿ," ಎಂದಳು. "ಇಷ್ಟೊತ್ತು ಬೇಕಾತೇನೋ ಬರಾಕ?"

"ಸ್ಮಾರಕದ ಜಾಗದಾಗ ಕಟ್ಟೋದು ಗುನ್ನೆ ಅದ, ಗೊತ್ತದಿಲ್ಲೋ?"

"ಅಲ್ಲಿದ್ದ ಕಟ್ಟಿ ಕಿತ್ತಿದ್ದು? ಅದು ಗುನ್ನೆ ಅಲ್ಲೇನು? ಕೇಳು ಇವನಿಗೆ!"

ಕಲ್ಲಿನಾಥ ತಡವರಿಸಿದ. "ಒಂದು ಹಳೇ ಕಲ್ಲಗುಂಪಿ ಇತ್ರಿ... ದಾರಿಗೆ ಅಡ್ಡ..."

"ಮಂತ್ರಿ ಕಾರಿಗೆ ಅಡ್ಡ! ಮತ್ತ ಕಿತ್ತು ನೋಡು. ಮತ್ತ ಕಟ್ಟತೇನಿ."

ಹಣಮಂತರಾಯ ಮುದುಕಿಯನ್ನು ನೋಡಿದ, ಕಲ್ಲಿನಾಥನನ್ನು ನೋಡಿದ. ಆಮೇಲೆ ಕಟ್ಟೆಯ ಮೇಲೆ ಕೂತು, ಕುಲಸುಮಬಿ ಮತ್ತು ಅಲ್ತಾಫನನ್ನು ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಬರೆದ. ಒಂದೊಂದು ಕಲ್ಲನ್ನೂ ನಮೂದಿಸಿದ.

"ಈ ಕಟ್ಟಿ ಈಗ ಕೇಸಿನ ಸಾಕ್ಷಿ," ಎಂದ. "ಕೋರ್ಟ್ ಹೇಳೋತನಕ ಒಂದು ಕಲ್ಲು ಅಲುಗಾಡಿದ್ರ, ಕಲ್ಲಿನಾಥ, ನಿನ್ನನ್ನ ಎತ್ತಿ ಹಾಕ್ತೇನಿ."

"ಸಾಹೇಬ್ರ, ದೂರು ವಾಪಸ್ ತಗೋತೇನ್ರಿ!"

"ಎಫ್‌ಐಆರ್ ಬೇಕಂದವ ಯಾರಲೇ?"

"ಮಂತ್ರಿಗಳ ಕಾರು?"

"ಊರ ಅಗಸಿ ಹೊರಗ ನಿಲ್ಲಸಲಿ. ನಡಕೊಂಡು ಬರ್ಲಿ."

ಮಧ್ಯಾಹ್ನ ಎರಡಕ್ಕೆ ವಿದ್ಯಾವತಿ ಸುಮಿತ್ರಾಬಾಯಿಯನ್ನು ಬಂಧಿಸಿದಳು. ಮುದುಕಿ ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಒತ್ತಿಕೊಂಡು ಕೂತು ನೋಡಿದರು.

ಠಾಣೆಯಲ್ಲಿ ಜಾಮೀನಿನ ಮಾತು ಆಮೇಲೆ ಎಂದು, ಅವಳು ಮೊದಲು ತನ್ನ ಹೇಳಿಕೆ ಬರೆಸಿದಳು. ಅವಳು ಸಣ್ಣವಳಿದ್ದಾಗ ಅವರ ಓಣಿಯಲ್ಲಿ ಯಾರ ಮನೆಗೂ ಕಟ್ಟೆ ಇರಕೂಡದಿತ್ತು. ಊರ ಗೌಡ ಹಾದುಹೋಗುವಾಗ ದಲಿತರು ಎತ್ತರದಲ್ಲಿ ಕೂತಿರಬಾರದು. ಅಪ್ಪ ಕಟ್ಟಿದ, ಗೌಡನ ಆಳುಗಳು ಕೆಡವಿದರು. ಮೀಸೆ ಮೂಡುವ ಮೊದಲೇ ಅಣ್ಣ ಸಾಯಬಣ್ಣ ಮತ್ತೆ ಕಟ್ಟಿದ. ಅದೇ ಅವನ ಮೊದಲ ಹೋರಾಟ; ಕಲ್ಲಿನಾಥ ಕಿತ್ತಿದ್ದು ಆ ಕಟ್ಟೆಯನ್ನೇ.

ಕಟ್ಟಿದ ಸಂಜೆ ಅವ್ವ ಅದರ ಮೇಲೆ ಕೂತು ಇವಳ ತಲೆ ಬಾಚುತ್ತಿದ್ದಳು. ಗೌಡ ಬಂದ. ಅವ್ವ ಬಾಚುತ್ತಲೇ ಇದ್ದಳು, ಹಣಿಗೆ ನೆತ್ತಿಗೆ ಚುಚ್ಚುತ್ತಿತ್ತು. ಗೌಡ ನಿಂತು ದಿಟ್ಟಿಸಿ ನೋಡಿ, ಹಾದುಹೋದ.

ಅವ್ವ ಏಳಲಿಲ್ಲ.