ಒಂದು ಹಲ್ಲಿನ ಸೇಡು

"ಬಾಯಿ ತೆಗೀರಿ," ಎಂದಳು ಪಿಂಗಾಣಿ. "ತುಟಿ ಇನ್ನೂ ಸ್ವಲ್ಪ ಮೇಲೆ. ನಗ್ತಿದ್ದೀನಿ ಅಂದ್ಕೊಳ್ಳಿ."

"ಅಂದ್ಕೋಬೇಕಾಗಿಲ್ಲ, ನಗುನೇ ಬರ್ತಿದೆ," ಎಂದ ಸೀಟಿ.

ಸಂಜೆ ಕಾಲೇಜಿನಲ್ಲಿ ಇಬ್ಬರಿಗೂ ಬಿದ್ದ ಅಡ್ಡಹೆಸರುಗಳು ಅವು. ಅವಳು ಹಲ್ಲಿನ ಲ್ಯಾಬಿನಲ್ಲಿ ಪಿಂಗಾಣಿಯ ಹಲ್ಲು ಮಾಡುವವಳು. ಅವನು ರಸ್ತೆಯಲ್ಲಿ ಸೀಟಿ ಊದುವ ಟ್ರಾಫಿಕ್ ಪೊಲೀಸ್. ಮೇಲಾಗಿ, ಮುಂದಿನ ಹಲ್ಲು ಅರ್ಧ ಮುರಿದಿದ್ದರಿಂದ ಅವನು ‘ಸರಿ ಸಾರ್’ ಎಂದರೂ ಸಣ್ಣದೊಂದು ಸೀಟಿ ಹೊರಡುತ್ತಿತ್ತು. ತರಗತಿಯಲ್ಲಿ ಎಲ್ಲರೂ ನಗುತ್ತಿದ್ದರು. ಅವಳು ಮಾತ್ರ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ನಗುತ್ತಿದ್ದಳು. ಅವನು ತಿರುಗಿ ನೋಡುತ್ತಿದ್ದುದು ಅವಳೊಬ್ಬಳನ್ನೇ.

ಈಗ ಡಾಕ್ಟರು ಆ ಹಲ್ಲನ್ನು ಉಜ್ಜಿ ಸಣ್ಣ ಮಾಡಿ, ಅದರ ಮೇಲೆ ಕೂರಿಸುವ ಕ್ಯಾಪಿನ ಬಣ್ಣ ನೋಡಿಸಿಕೊಂಡು ಬಾ ಎಂದು ಅವನನ್ನು ಲ್ಯಾಬಿಗೆ ಕಳಿಸಿದ್ದರು. ಮುಂದಿನ ವಾರ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಕುಡಿದು ಗಾಡಿ ಓಡಿಸುವವರನ್ನು ತಡೆಯುವಾಗ ಪೊಲೀಸರು ಬಲ ಬಳಸಬಹುದೇ ಎಂಬುದು ವಿಷಯ. ಬಳಸಬಹುದು ಎಂದು ಅವನು, ಕೂಡದು ಎಂದು ಅವಳು. ಅಷ್ಟರೊಳಗೆ ಹಲ್ಲು ಆಗಬೇಕು, ಇಲ್ಲದಿದ್ದರೆ ಸಭೆಯವರು ತನ್ನ ವಾದ ಬಿಟ್ಟು ಸೀಟಿ ಎಣಿಸುತ್ತಾ ಕೂರುತ್ತಾರೆ ಎಂಬುದು ಅವನ ಚಿಂತೆ.

"ಎದುರಾಳಿಗೆ ಹಲ್ಲು ಮಾಡ್ಕೊಡ್ತಿರೋಳು ನಾನೇ ಮೊದಲಿರಬೇಕು," ಎಂದಳು, ಬಣ್ಣಬಣ್ಣದ ಮಾದರಿ ಹಲ್ಲುಗಳ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾ. "ಅಂದಹಾಗೆ, ಮುರಿದದ್ದು ಹೇಗೆ?"

ಅವನು ಸಲೀಸಾಗಿ ಹೇಳಿದ. ಹೋದ ವರ್ಷ, ಸೇತುವೆಯ ತಿರುವು. ಬ್ರೆಡ್ ಸಾಗಿಸುವ ಬಿಳಿ ವ್ಯಾನು. ಓಡಿಸುತ್ತಿದ್ದವನು ಕಂಠಪೂರ್ತಿ ಕುಡಿದಿದ್ದ, ಇಳಿ ಎಂದರೆ ಇಳಿಯಲಿಲ್ಲ. ಕೀಲಿಗೆ ಕೈ ಹಾಕಿದರೆ ಮೊಣಕೈಯಿಂದ ಬಾಯಿಗೇ ಗುದ್ದಿದ.

ಪಿಂಗಾಣಿಯ ಕೈಯಲ್ಲಿದ್ದ ಪಟ್ಟಿ ಗಾಳಿಯಲ್ಲೇ ನಿಂತಿತು.

ಬ್ರೆಡ್ಡಿನ ಬಿಳಿ ವ್ಯಾನು ಓಡಿಸುತ್ತಿದ್ದುದು ಅವಳ ಅಣ್ಣ. ಸೇತುವೆಯ ತಿರುವಿನಿಂದ ಅವನನ್ನು ಮನೆಗೆ ತಂದು ಬಿಟ್ಟಾಗ ಅವನ ಮುಂದಿನ ಎರಡು ಹಲ್ಲು ಇರಲಿಲ್ಲ. ಸುಮ್ಮನೆ ಕೂತಿದ್ದೆ, ಪೊಲೀಸಿನವನು ಎಳೆದು ಬಾಗಿಲಿಗೆ ಮುಖ ಅಪ್ಪಳಿಸಿದ ಎಂದಿದ್ದ. ಆ ಎರಡು ಹಲ್ಲನ್ನು ಅವಳೇ ಮಾಡಿದ್ದಳು, ಅಷ್ಟು ಚೆನ್ನಾಗಿ ಬೇರೆ ಯಾರಿಗೂ ಮಾಡಿರಲಿಲ್ಲ. ಆದರೂ ತಲೆ ಹಿಂದಕ್ಕೆಸೆದು ಮನೆ ಹಾರುವಂತೆ ನಗುತ್ತಿದ್ದ ಅಣ್ಣ ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದ. ಆಮೇಲೆ ನಗುವುದನ್ನೇ ಬಿಟ್ಟ. ಅದನ್ನು ಮಾಡಿದವನು ಎಂದಾದರೂ ಸಿಕ್ಕರೆ ನಾಲ್ಕು ಜನರ ಎದುರು ಅವನೂ ಹಾಗೇ ಬಾಯಿ ಮುಚ್ಚಿಕೊಳ್ಳುವಂತೆ ಮಾಡಬೇಕು ಎಂದು ಅವಳು ಪಣ ತೊಟ್ಟಿದ್ದಳು. ಆ ಪೊಲೀಸನಿಗೆ ಅವಳ ಮನಸ್ಸು ದಪ್ಪ ಮೀಸೆ, ಕೆಂಪು ಕಣ್ಣು ಅಂಟಿಸಿಟ್ಟಿತ್ತು. ಈ ತೆಳು ಮುಖ, ಈ ಉದ್ದ ರೆಪ್ಪೆ ಅಲ್ಲ.

"ಬಾಯಿ ತೆಗೀರಿ," ಎಂದಳು ಮತ್ತೆ. ಧ್ವನಿ ತನ್ನದಲ್ಲ ಎನಿಸಿತು. "ನಾನು ಹೇಳೋವರೆಗೂ ಮುಚ್ಚಬೇಡಿ."

ಬಣ್ಣ ನೋಡುವ ಕೆಲಸಕ್ಕೆ ಎರಡೇ ನಿಯಮ. ಹಗಲು ಬೆಳಕಿನಲ್ಲಿ ನೋಡಬೇಕು, ಬೇಗ ನೋಡಿ ಮುಗಿಸಬೇಕು. ಬಾಯಿ ತೆರೆದೇ ಇದ್ದರೆ ತೇವ ಆರಿ ಹಲ್ಲು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಲ್ಯಾಬಿಗೆ ಬರುವ ಹೊಸಬರಿಗೆಲ್ಲ ಇದನ್ನು ಹೇಳಿಕೊಡುತ್ತಿದ್ದವಳೇ ಅವಳು.

ಅವಳು ನೋಡಿದಳು. ಶತ್ರುವಿನ ಮುಖ ಚೆನ್ನಾಗಿ ನೆನಪಿರಬೇಕು ಎಂದುಕೊಂಡು ನೋಡಿದಳು. ಕೆಳತುಟಿಯ ಮೇಲಿನ ಸಣ್ಣ ಗಾಯದ ಗೆರೆ. ಕೆನ್ನೆಯಲ್ಲಿ ಬಿಸಿಲಿಗೆ ಕಂದಿದ ಜಾಗ, ಹೆಲ್ಮೆಟ್ಟಿನ ಪಟ್ಟಿ ಕಾಪಾಡಿದ ಜಾಗ. ಅವನ ಕಣ್ಣು ಮೊದಲು ಸೂರು ನೋಡುತ್ತಿತ್ತು, ಆಮೇಲೆ ಕಿಟಕಿ, ಆಮೇಲೆ ಬೇರೆ ದಾರಿ ಕಾಣದೆ ಅವಳನ್ನೇ. ಅವಳು ಕಣ್ಣು ತೆಗೆಯಲಿಲ್ಲ. ದ್ವೇಷಕ್ಕೆ ಇಷ್ಟೊಂದು ಹೊತ್ತು ಬೇಕಾಗುತ್ತದೆಯೇ ಎಂದು ಅವಳು ತನ್ನನ್ನು ಕೇಳಿಕೊಳ್ಳಲೂ ಇಲ್ಲ.

ಕೊನೆಗೆ ಒಂದು ಮಾದರಿ ಹಲ್ಲನ್ನು ಆರಿಸಿದಳು. ಆಯಿತು, ಹೊರಡಿ ಎಂದಳು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಣ್ಣನ ಎದುರು ನಿಂತಳು. ಕೆಲಸ ಹೋದ ಮೇಲೆ ಗೋದಾಮಿನಲ್ಲಿ ಮೂಟೆ ಇಳಿಸುವ ಅಣ್ಣ, ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದ. ಅತ್ತಿಗೆ ಬಟ್ಟೆ ಮಡಚುತ್ತಿದ್ದಳು.

"ಅಣ್ಣಾ, ನೀನು ಆವತ್ತು ಸುಮ್ಮನೆ ಕೂತಿದ್ದೆಯಾ?"

ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಅವಳು ಕೇಳ್ತಾ ಇರೋದು ನನ್ನನ್ನಲ್ಲ," ಎಂದಳು. "ಹೇಳಿಬಿಡಿ. ಎಷ್ಟು ದಿನ ಅಂತ ನುಂಗ್ಕೊಂಡಿರ್ತೀರಾ."

ಅಣ್ಣ ತನ್ನ ಮೊಣಕೈ ಸವರಿಕೊಂಡ. ಅಲ್ಲಿ ಹಲ್ಲು ತಾಗಿದ ಗುರುತು ಇವತ್ತಿಗೂ ಇತ್ತು. ಅವಳು ಅದನ್ನು ಎಷ್ಟೋ ಸಲ ನೋಡಿದ್ದಳು. ದಿನವಿಡೀ ಹಲ್ಲುಗಳ ಜೊತೆ ಬದುಕುವವಳಿಗೂ ಅದು ಹಲ್ಲಿನ ಗುರುತು ಎಂದು ಹೊಳೆದಿರಲಿಲ್ಲ. ಹೊಳೆಯಬಾರದು ಎಂದು ಮನಸ್ಸೇ ಮುಚ್ಚಿಟ್ಟಿತ್ತೋ ಏನೋ.

"ಗುದ್ದಿದ್ದು ಹೌದು ಪುಟ್ಟಿ," ಎಂದ ಅಣ್ಣ. "ಕುಡಿದಿದ್ದೂ ಹೌದು, ಸ್ವಲ್ಪ ಅಲ್ಲ. ಆದರೆ ಒಂದು ಮಾತು ಸುಳ್ಳಲ್ಲ. ಅವನು ನನ್ನನ್ನ ಬಾಗಿಲಿಗೆ ಅಪ್ಪಳಿಸಿದಾಗ ಕೀಲಿ ಆಗಲೇ ಅವನ ಕೈಲಿತ್ತು. ಗಾಡಿ ಆಫ್ ಆಗಿತ್ತು."

ಅವಳಿಗೆ ಅಣ್ಣನ ಮೇಲೂ ಸಿಟ್ಟು ಬಂತು, ಆದರೆ ಅದರಿಂದ ಸೀಟಿಯ ಮೇಲಿನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಕೀಲಿ ಅವನ ಕೈಲಿತ್ತು. ಆ ಮಾತನ್ನು ಅವಳು ಚಾಕುವಿನಂತೆ ಮಡಚಿ ಒಳಗಿಟ್ಟುಕೊಂಡಳು.

ಮರುದಿನ ಹಲ್ಲು ಮಾಡಲು ಕೂತಾಗ ಇನ್ನೊಂದು ಆಯುಧವೂ ಕೈಯಲ್ಲೇ ಇತ್ತು. ಪಿಂಗಾಣಿ ಪುಡಿಗೆ ಚಿಟಿಕೆಯಷ್ಟು ಬಿಳಿ ಹೆಚ್ಚು ಹಾಕಿದರೆ ಸಾಕು. ಬಾಯಿ ತೆರೆದಾಗಲೆಲ್ಲ ಜನರ ಕಣ್ಣು ಅಲ್ಲಿಗೇ ಹೋಗುತ್ತದೆ. ಜೀವಮಾನವಿಡೀ ಕೈ ಅಡ್ಡ ಹಿಡಿದುಕೊಂಡು ತಿರುಗಲಿ. ಬಿಳಿ ಪುಡಿಯನ್ನು ಕುಂಚದ ತುದಿಗೆ ತೆಗೆದುಕೊಂಡಳು. ನೋಡಿದಳು. ಒರೆಸಿ ಹಾಕಿದಳು. ಮತ್ತೆ ತೆಗೆದುಕೊಂಡಳು, ಮತ್ತೆ ಒರೆಸಿದಳು. ತಪ್ಪು ಹಲ್ಲು ಮಾಡಲು ಕೈ ಕೇಳಲೇ ಇಲ್ಲ. ಸರಿ, ಸೇಡಿಗೆ ಕೈ ಬೇಡ, ಬಾಯಿ ಸಾಕು ಎಂದುಕೊಂಡು, ಆರಿಸಿದ್ದ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹಲ್ಲು ಕಟ್ಟಿ ಕುಲುಮೆಗಿಟ್ಟಳು.

ಸ್ಪರ್ಧೆಯ ದಿನ ಮಧ್ಯಾಹ್ನ ಡಾಕ್ಟರು ಅದನ್ನು ಕೂರಿಸಿದರು. ಸಂಜೆ ಅವನು ವೇದಿಕೆ ಹತ್ತಿ ನಮಸ್ಕಾರ ಎಂದು ನಕ್ಕ ಕೂಡಲೇ ಪಿಂಗಾಣಿ ಕುರ್ಚಿಯಿಂದ ಅರ್ಧ ಎದ್ದಳು.

ಹಲ್ಲು ಬೆಳ್ಳಗಿತ್ತು. ಉಳಿದವೆಲ್ಲ ತಣ್ಣಗೆ ಕೂತಿದ್ದರೆ ಅದೊಂದು ಮಾತ್ರ ಬಲ್ಬಿನಂತೆ ಉರಿಯುತ್ತಿತ್ತು.

"ಲೈಟ್ ಆಫ್ ಮಾಡಿ ಮೇಷ್ಟ್ರೇ, ಕರೆಂಟ್ ಉಳಿಯುತ್ತೆ," ಎಂದಿತು ಹಿಂದಿನ ಬೆಂಚು. ಸಭೆ ಗೊಳ್ಳೆಂದಿತು. ಮೇಷ್ಟ್ರು ಮೇಜು ಬಡಿದರು, ಅವರ ಮೀಸೆಯೂ ಅಲುಗುತ್ತಿತ್ತು.

ಅವನು ಕುಗ್ಗಲಿಲ್ಲ. ಚೆನ್ನಾಗಿಯೇ ಮಾತಾಡಿದ. ಕುಡಿದವನ ಕೈಗೆ ಸಿಕ್ಕ ಗಾಡಿ ಗಾಡಿಯಾಗಿ ಉಳಿಯುವುದಿಲ್ಲ, ಆಯುಧವಾಗುತ್ತದೆ ಎಂದ. ಅಂಥವನ ಜೊತೆ ವಿನಯವಾಗಿ ಮಾತಾಡುತ್ತಾ ನಿಂತರೆ, ಆ ವಿನಯದ ಬೆಲೆಯನ್ನು ಮುಂದಿನ ತಿರುವಿನಲ್ಲಿ ರಸ್ತೆ ದಾಟುವವರು ತೆರುತ್ತಾರೆ ಎಂದ. ತಾನೊಮ್ಮೆ ಹಾಗೆ ಮಾತಾಡಿಸಿ ಬಿಟ್ಟುಕಳಿಸಿದ ಬೈಕು ಮುಂದೆ ಯಾರಿಗೆ ಗುದ್ದಿತು ಎಂದು ಹೇಳುವಾಗ ಅವನ ಧ್ವನಿ ಕೆಳಗಿಳಿಯಿತು. ಸಭೆಯೂ ಹಲ್ಲು ಮರೆತು ಕೇಳಿತು.

ಎದುರು ಪಕ್ಷಕ್ಕೆ ಒಂದು ಪ್ರಶ್ನೆಗೆ ಅವಕಾಶವಿತ್ತು. ಪಿಂಗಾಣಿ ಎದ್ದಳು.

"ಸೇತುವೆಯ ತಿರುವಲ್ಲಿ ಒಂದು ಬಿಳಿ ವ್ಯಾನು ಹಿಡಿದಿದ್ರಲ್ಲ. ಅದರ ಕೀಲಿ ನಿಮ್ಮ ಕೈಗೆ ಬಂದಿದ್ದು ಯಾವಾಗ? ಡ್ರೈವರನ ಹಲ್ಲು ಉದುರೋ ಮೊದಲೋ, ಆಮೇಲೋ?"

ಅವನು ಉತ್ತರಿಸುವ ಮೊದಲೇ ಅವಳು ಮುಂದುವರಿಸಿದಳು.

"ಕೀಲಿಗಾಗಿ ಹಿಡಿದು ಎಳೆದರೆ ನಾನೂ ಒಪ್ತೀನಿ, ಅದು ಕಾನೂನಿನ ಕೈ. ಕೀಲಿ ಸಿಕ್ಕಿದ ಮೇಲೆ ಎಳೆದಿದ್ದು ಯಾರ ಕೈ? ಉತ್ತರ ನನಗೊಬ್ಬಳಿಗೆ ಕೊಟ್ಟರೆ ಸಾಲದು, ಎಲ್ಲರಿಗೂ ಕೇಳಲಿ. ಆ ಡ್ರೈವರ್ ನನ್ನ ಸ್ವಂತ ಅಣ್ಣ."

ಅವನು ಕೈಯಲ್ಲಿದ್ದ ಟಿಪ್ಪಣಿ ಕಾಗದವನ್ನು ಮಡಚಿ ಜೇಬಿಗಿಟ್ಟ. ಇಲ್ಲ ಎನ್ನಬಹುದಿತ್ತು. ಕತ್ತಲಿತ್ತು, ಗಲಾಟೆಯಿತ್ತು, ನೆನಪಿಲ್ಲ ಎನ್ನಬಹುದಿತ್ತು. ಅವಳು ಅದಕ್ಕೆಲ್ಲ ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದಳು.

"ಮೊದಲನೇ ಸಲ ಎಳೆದಿದ್ದು ಕೀಲಿಗೆ," ಎಂದ. "ಎರಡನೇ ಸಲ ಎಳೆದಿದ್ದು ನನ್ನ ಮುರಿದ ಹಲ್ಲಿಗೆ. ಆ ಎರಡನೇದಕ್ಕೆ ನನ್ನ ಹತ್ರ ವಾದ ಇಲ್ಲ."

ಹೇಳುತ್ತಾ ಹೇಳುತ್ತಾ ಅವನ ಕೈ ತಾನಾಗಿಯೇ ಮೇಲೆದ್ದು ಬಾಯಿಗೆ ಅಡ್ಡ ಬಂತು. ಥೇಟ್ ಅಣ್ಣನ ಹಾಗೆ.

ಚಪ್ಪಾಳೆ ಬಿತ್ತು. ಗೆದ್ದವಳೆಂದು ಮೇಷ್ಟ್ರು ಅವಳ ಹೆಸರು ಕೂಗಿದರು. ಅವಳು ವರ್ಷವಿಡೀ ಕಾದಿದ್ದ ಘಳಿಗೆ ಅದು, ನಾಲ್ಕು ಜನ ಸಾಕು ಎಂದುಕೊಂಡಿದ್ದಲ್ಲಿ ನಲವತ್ತು ಜನ ಇದ್ದರು. ಬಹುಮಾನದ ಕಪ್ ಹಿಡಿದು ಮೆಟ್ಟಿಲಿಳಿಯುವಾಗ ಬಾಯಿಗೆ ಅಡ್ಡ ಬಂದ ಆ ಕೈ ಮಾತ್ರ ಕಣ್ಣಿಂದ ಹೋಗಲಿಲ್ಲ.

ಸೈಕಲ್ ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಿದ್ದ.

"ಹಲ್ಲಿನ ವಿಷಯ ಈಗ ಅರ್ಥ ಆಯ್ತು," ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. "ಕನ್ನಡಿ ನೋಡ್ದಾಗ್ಲೇ ಅನ್ನಿಸ್ತು, ನೀವು ಇಷ್ಟು ತಪ್ಪು ಮಾಡೋರಲ್ಲವಲ್ಲ ಅಂತ. ಬೇಕು ಅಂತಲೇ ಮಾಡಿದ್ದೀರಿ. ಬದಲಾಯಿಸಲ್ಲ ಬಿಡಿ. ನನಗೆ ಸಲ್ಲಬೇಕಾದ್ದೇ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಸೇಡು ಎಂದು ಒಪ್ಪಿಕೊಂಡರೆ ಮಾನ ಉಳಿಯುತ್ತಿತ್ತು, ನಿಜ ಹೇಳಿದರೆ ಏನೂ ಉಳಿಯುವುದಿಲ್ಲ. ಅವಳು ಸೈಕಲ್ಲಿನ ಬೀಗ ತೆಗೆದಳು. ಮತ್ತೆ ಹಾಕಿದಳು.

"ಬೇಕು ಅಂತ ಮಾಡ್ಬೇಕು ಅಂತಲೇ ಕೂತಿದ್ದೆ," ಎಂದಳು. "ಆಗ್ಲಿಲ್ಲ. ಅಳತೆ ಸರಿ, ಪುಡಿ ಸರಿ. ತಪ್ಪಿದ್ದು ಕಿಟಕಿ ಹತ್ರ."

"ಬೆಳಕು ಸಾಲ್ಲಿಲ್ವಾ?"

"ಬೆಳಕಲ್ಲ." ಅವಳಿಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ಬೇಗ ನೋಡಿ ಮುಗಿಸ್ಬೇಕು ರೀ. ಹೆಚ್ಚು ಹೊತ್ತು ನೋಡಿದ್ರೆ ಹಲ್ಲು ಒಣಗಿ ಬೆಳ್ಳಗಾಗುತ್ತೆ. ನಾನು... ನೋಡ್ತಾನೇ ಇದ್ದುಬಿಟ್ಟೆ. ಇಷ್ಟು ವರ್ಷದಲ್ಲಿ ಯಾರ ಬಾಯಿನೂ ಅಷ್ಟು ಹೊತ್ತು ನೋಡಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಕಿವಿಯ ತುದಿ ಮೊದಲು ಕೆಂಪಾಯಿತು. ನಗು ತುಟಿಯವರೆಗೆ ಬಂದು, ಹಲ್ಲು ನೆನಪಾಗಿ, ಅಲ್ಲೇ ನಿಂತಿತು.

"ನಗಬೇಡಿ," ಎಂದಳು ಅವಳು ಗಡಸಾಗಿ. "ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ. ವೇದಿಕೆ ಮೇಲೆ ಹೇಳಿದ್ದನ್ನ ನನ್ನ ಅಣ್ಣನ ಎದುರು ಹೇಳಿ. ಅಲ್ಲೀವರೆಗೂ ಆ ಹಲ್ಲಿಗೆ ನಾನು ಕೈ ಹಚ್ಚಲ್ಲ."

ಭಾನುವಾರ ಬೆಳಿಗ್ಗೆ ಅವನು ಬಂದ, ಯೂನಿಫಾರ್ಮ್ ಇಲ್ಲದೆ. ಬಾಗಿಲು ತೆಗೆದ ಅತ್ತಿಗೆ ಅವನನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿ, ಒಳಗೆ ಹಾಲಿದೆಯೋ ಇಲ್ಲವೋ ನೋಡುತ್ತೇನೆ ಎಂದು ಅಡುಗೆಮನೆಗೆ ಜಾರಿದಳು. ಅಣ್ಣ ಎದ್ದು ನಿಂತ. ಅವನ ಮುಷ್ಟಿ ಬಿಗಿದದ್ದನ್ನು ಪಿಂಗಾಣಿ ನೋಡಿದಳು. ತಡೆಯಲಿಲ್ಲ.

ಸೀಟಿ ಬಾಗಿಲಲ್ಲೇ ನಿಂತು ಹೇಳಿದ. ಕೀಲಿ ತನ್ನ ಕೈಲಿತ್ತು, ನೋವಿನ ಸಿಟ್ಟಿಗೆ ಎಳೆದೆ, ವರದಿಯಲ್ಲಿ ಅದನ್ನು ಬರೆಯಲಿಲ್ಲ, ಬೇಕಾದರೆ ಈಗ ದೂರು ಕೊಡಿ, ನಾನೇ ಸಾಕ್ಷಿ ಹೇಳುತ್ತೇನೆ ಎಂದ. ತಡವರಿಸದೆ ಹೇಳಿದ. ಆದರೆ ಒಂದೊಂದು ಮಾತಿಗೂ ಆ ಹಲ್ಲು ಕಿಟಕಿಯ ಬಿಸಿಲಿಗೆ ಫಳ್ ಫಳ್ ಎನ್ನುತ್ತಿತ್ತು.

ಅಣ್ಣ ಮುಖ ಬಿಗಿದುಕೊಂಡೇ ಕೇಳುತ್ತಿದ್ದ. ಕಣ್ಣು ಹಲ್ಲಿಗೆ ಹೋಯಿತು. ತಂಗಿಯ ಕಡೆ ಹೊರಳಿತು. ಮತ್ತೆ ಹಲ್ಲಿಗೆ ಬಂತು.

"ಪುಟ್ಟಿ," ಎಂದ, "ಇದು ನಿನ್ನ ಕೈಕೆಲಸವಾ?"

ಅವಳು ತಲೆ ತಗ್ಗಿಸಿ ಹೌದೆಂದಳು.

ಅಣ್ಣನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಆಮೇಲೆ ತಲೆ ಹಿಂದಕ್ಕೆಸೆದು ಅವನು ನಕ್ಕ, ಅಡುಗೆಮನೆಯಿಂದ ಅತ್ತಿಗೆ ಓಡಿ ಬರುವಂತೆ ನಕ್ಕ. ಬಾಯಿಗೆ ಕೈ ಅಡ್ಡ ಬರಲಿಲ್ಲ. ಅವಳು ಮಾಡಿದ್ದ ಆ ಎರಡು ಹಲ್ಲು ಹಗಲು ಬೆಳಕಿಗೆ ಪೂರ್ತಿ ಬಂದವು. ಉಳಿದ ಹಲ್ಲುಗಳ ನಡುವೆ ಯಾವುದು ತಾನು ಮಾಡಿದ್ದು ಎಂದು ಅವಳೇ ಹುಡುಕಬೇಕಾಯಿತು.

"ಕೂತ್ಕೊಳ್ಳಯ್ಯ," ಎಂದ ಅಣ್ಣ ಕಣ್ಣೊರೆಸಿಕೊಳ್ಳುತ್ತಾ. "ಮೊಣಕೈ ನಂದು. ಆವತ್ತು ನನ್ನ ಕೈಲಿ ಕೀಲಿನೇ ಇರಬಾರದಿತ್ತು. ದೂರಿನ ವಿಷಯ ಯೋಚನೆ ಮಾಡ್ತೀನಿ. ಈ ಬಾಯಿ ನೋಡ್ಕೊಂಡು ನನ್ನಿಂದ ಸಿಟ್ಟು ಮಾಡ್ಕೊಳ್ಳೋಕಾಗಲ್ಲ."

ಕಾಫಿ ಕುಡಿದಾದ ಮೇಲೆ ಅವಳು ಅವನನ್ನು ಕಿಟಕಿಯ ಹತ್ತಿರ ಕರೆದಳು.

"ಈ ಸಲ ಬೇಗ ನೋಡಿ ಮುಗಿಸ್ತೀರಾ?" ಎಂದ ಅವನು ಮೆಲ್ಲಗೆ.

"ಈ ಸಲ ಬಣ್ಣ ನೋಡೋದೇ ಇಲ್ಲ. ಹಲ್ಲು ಹಾಗೇ ಇರಲಿ. ನಮ್ಮಣ್ಣ ಒಂದು ವರ್ಷದ ನಗು ನಗೋದು ಬಾಕಿ ಇದೆ."

"ಇದು ಯಾವ ಕಾನೂನು?"

"ನಂದು. ಬಾಯಿ ತೆಗೀರಿ."

"ಬಣ್ಣ ನೋಡಲ್ಲ ಅಂದ್ರಲ್ಲ?"

"ತೆಗೀರಿ ಅಂದೆ."

ಅವನು ತೆಗೆದ. ಅವಳು ನೋಡಿದಳು. ಉಳಿದ ಹಲ್ಲುಗಳೆಲ್ಲ ಒಣಗಿ, ಒಂದೊಂದಾಗಿ ಬೆಳ್ಳಗಾಗಿ, ತಾನು ಮಾಡಿದ ಆ ಒಂದು ಹಲ್ಲಿನ ಬಣ್ಣಕ್ಕೇ ಬರುವವರೆಗೂ ನೋಡಿದಳು.