ಜಕ್ಕವ್ವೆಯರ ಗೂಡು

ಚೈತ್ರ ಶುದ್ಧ ಪಂಚಮಿ, ಸೂರ್ಯೋದಯವಾಗಿ ಎರಡು ಗಳಿಗೆ. ಈ ಕತೆ ತೊಡಗಿದ್ದು ಆ ಹೊತ್ತಿಗೆ. ಯಾವ ಸಂವತ್ಸರವೆಂಬುದು ಯಾರ ನೆನಪಿನಲ್ಲಿಯೂ ಉಳಿಯದಷ್ಟು ಹಿಂದೆ, ದೀಪಾವತಿಯೆಂಬ ರಾಜ್ಯದಲ್ಲಿ.

ದೀಪಾವತಿಯ ನಡುವೆ ಕರೆಮನೆಯೊಂದಿತ್ತು. ಅದರ ಗೋಡೆಗಳ ತುಂಬ ಗೂಡುಗಳು. ಪ್ರತಿ ಗೂಡಿನ ಮೇಲೆ ಒಂದು ಹೆಸರು, ಒಳಗೆ ಆ ಹೆಸರಿನವರ ದೀಪ. ಗೂಡಿನ ಮುಂದೆ ನಿಂತು ಹೆಸರು ಕೂಗಿದರೆ, ಕಡಲಿನಲ್ಲಿ ದಿಕ್ಕುಗೆಟ್ಟವನೂ ಮರುಕ್ಷಣ ಬಂದು ನಿಲ್ಲುತ್ತಿದ್ದನು.

ಅಲ್ಲಿಯವರು ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವವರು. ಆದ್ದರಿಂದ ಒಂದೊಂದು ಗೂಡಿನಲ್ಲಿಯೂ ಹಲವು ದೀಪಗಳು. ರಾಜ ಬಲ್ಲರಸನಿಗೆ ಇದು ಸರಿಬರಲಿಲ್ಲ. ಸೇನಾಪತಿ ಕೇತಯ್ಯನನ್ನು ಕರೆದರೆ ಕುಂಬಾರ ಕೇತಯ್ಯನೂ ಮಣ್ಣಿನ ಕೈಯಲ್ಲಿ ಆಸ್ಥಾನಕ್ಕೆ ಬಂದು ನಿಲ್ಲುತ್ತಿದ್ದನು. ರಾಜನು ಧೂಮಕೇಶನೆಂಬ ಮಾಂತ್ರಿಕನನ್ನು ಕರೆಸಿದನು.

“ಇನ್ನು ಮುಂದೆ ಒಂದು ಹೆಸರಿಗೆ ಒಂದೇ ದೀಪವಿರಲಿ.”

“ಹಾಗೆಯೇ ಆಗಲಿ. ಹೊಸ ದೀಪವಿಟ್ಟಾಗ ಹಳೆಯದು ಆರುತ್ತದೆ. ಆರಿದ್ದು ನನ್ನದು.”

ಆರಿದ ದೀಪದಿಂದ ಯಾರಿಗೇನು ಲಾಭವೆಂದು ರಾಜನು ಒಪ್ಪಿದನು. ಪಂಚಮಿಯ ಹಿಂದಿನ ರಾತ್ರಿ ಗೂಡುಗಳು ಕುಗ್ಗಿ, ಒಂದೇ ದೀಪದ ಅಗಲಕ್ಕೆ ಬಂದವು; ಮಿಕ್ಕ ದೀಪಗಳು ಆರಿದವು.

ಆ ಪಂಚಮಿಯ ಬೆಳಗ್ಗೆ, ಇದಾವುದನ್ನೂ ಅರಿಯದೆ, ಮಾಚಲೆಯೆಂಬ ಶಿಲ್ಪಿ ತನ್ನ ಹಸುಗೂಸಿನೊಡನೆ ಕರೆಮನೆಗೆ ಬಂದಳು. ಆ ಗೂಡುಗಳನ್ನು ಕೊರೆದವರು ಅವಳ ಹಿರಿಯರು. ಮಗುವಿಗೆ ತನ್ನ ತಾಯಿ ಜಕ್ಕವ್ವೆಯ ಹೆಸರನ್ನೇ ಇಟ್ಟು, ಆ ಗೂಡಿನಲ್ಲಿ ಹೊಸ ದೀಪ ಹಚ್ಚಿದಳು. ಹಿಂದೆ ನಿಂತು ಸೋಬಾನೆ ಹಾಡುತ್ತಿದ್ದ ತಾಯಿಯ ದನಿ ಪದದ ನಡುವೆ ನಿಂತಿತು. ತಿರುಗಿ ನೋಡಿದರೆ ತಾಯಿಯಿಲ್ಲ. ನೆಲದ ಮೇಲೆ ಒಂದು ಬಿಳಿ ಗರಿ.

ಸುದ್ದಿ ತಿಳಿದ ರಾಜನು ಅವಳನ್ನು ಕರೆಸಿ ಹೇಳಿದನು: “ಮಗುವಿನ ಹೆಸರು ಬದಲಿಸಮ್ಮ. ತಾಯಿ ಮರಳುತ್ತಾಳೆ. ಹೆಸರಿಗೇನು ಬರವೇ?”

“ಇಬ್ಬರದೂ ಅದೇ ಹೆಸರು, ಪ್ರಭು. ಇಬ್ಬರೂ ನನಗೆ ಬೇಕು.”

“ಬಹಳ ಬಿಗುಮಾನ ನಿನಗೆ.”

“ಇದೆ,” ಎಂದಳು ಮಾಚಲೆ.

ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಮಡಿಲಿನಲ್ಲಿ ಕಟ್ಟಿಕೊಂಡು ಅವಳು ಧೂಮಕೇಶನಿರುವ ಧೂಮಗಿರಿಯನ್ನು ಏರಿದಳು. ಅಲ್ಲೊಂದು ಕೊಳ. ನಾನಾ ರಾಜ್ಯಗಳಲ್ಲಿ ದೀಪವಾರಿದವರೆಲ್ಲ ಅದರಲ್ಲಿ ಹಂಸಗಳಾಗಿ ಈಜುತ್ತಿದ್ದರು. ಮಾಂತ್ರಿಕನ ರಥಕ್ಕೆ ಹೆಗಲು ಕೊಡುವವರೂ ಅವರೇ.

“ಮೂರು ಕೆಲಸ ಮಾಡು, ತಾಯಿಯನ್ನು ಕೊಡುವೆನು,” ಎಂದನು ಧೂಮಕೇಶ. “ಒಂದರಲ್ಲಿ ತಪ್ಪಿದರೂ ಮಗುವೂ ಹಂಸ.”

ಅವನು ಕೈಯೆತ್ತಿದೊಡನೆ ಜಕ್ಕವ್ವೆಯ ಗೂಡು ಕರೆಮನೆಯಿಂದ ಕಿತ್ತು ಬಂದು ಬಂಡೆಯಲ್ಲಿ ನಾಟಿತು. ಒಳಗೆ ಮಗುವಿನ ದೀಪ ಉರಿಯುತ್ತಿತ್ತು. ತಾಯಿಯ ಆರಿದ ದೀಪವನ್ನು ಹೊತ್ತಿಸಿ ಮಾಚಲೆಯ ಕೈಗಿತ್ತು ನಕ್ಕನು: “ಇದನ್ನೂ ಇಡು. ಮಗುವಿನದು ಆರಬಾರದು.”

ಮಾಚಲೆ ಗೂಡಿನ ಅಗಲವನ್ನು ಬೆರಳಿನಿಂದ ಅಳೆದಳು. ದೀಪವನ್ನು ತುರುಕಲಿಲ್ಲ. ಉರಿಯುವ ದೀಪವನ್ನು ಮುಟ್ಟದೆ, ಅದರ ಹಿಂದಿನ ಕಲ್ಲನ್ನು ಕೊರೆಯತೊಡಗಿದಳು. ಗೂಡು ಓಣಿಯಂತೆ ಒಳಕ್ಕೆ ನಡೆಯಿತು. ಒಂದರ ಹಿಂದೊಂದು ಎರಡೂ ದೀಪಗಳು ಉರಿದವು.

“ಇಷ್ಟು ಕೊರೆದವಳು ಇನ್ನೂ ಕೊರೆಯುವೆಯೇನೋ.”

“ಬಂದವರೆಲ್ಲ ಹಿಡಿಸುವ ತನಕ.”

“ಆಗಲಿ. ಈಗ ತಾಯಿಯನ್ನು ಕರೆ.”

“ಜಕ್ಕವ್ವೆ,” ಎಂದು ಮಾಚಲೆ ಕರೆದಳು. ಕೊಳದ ಅರ್ಧ ಹಂಸಗಳು ದಡಕ್ಕೆ ಬಂದವು.

“ಒಬ್ಬಳನ್ನು ಹಿಡಿದುಕೋ,” ಎಂದನು ಮಾಂತ್ರಿಕ. “ಮೊದಲು ಬಂದವಳೇ ಇರಬಹುದು. ಮಗಳ ಮೇಲೆ ಅಷ್ಟೂ ಮಮತೆಯಿಲ್ಲವೇ ತಾಯಿಗೆ?”

ಮೊದಲ ಹಂಸ ಅವಳ ಪಾದಕ್ಕೆ ಕೊರಳು ತಾಗಿಸಿತು. ಮಾಚಲೆ ಅದರ ತಲೆ ಸವರಿ, ಹಿಡಿಯದೆ ಬಿಟ್ಟಳು. ಹೆಸರು ಕರೆದರೆ ಹೆಸರಿನವರೆಲ್ಲ ಬರುವುದು ನ್ಯಾಯ. ತನ್ನವರನ್ನು ಹುಡುಕುವ ಕೆಲಸ ಕರೆದವರದು. ಸಾಲಿನ ಉದ್ದಕ್ಕೂ ನಡೆದು, “ಯಾರ ತಾಯಿ ನೀವು?” ಎಂದು ಒಬ್ಬೊಬ್ಬರನ್ನೂ ಕೇಳಿದಳು. ಸಾಲಿನ ಕೊನೆಯಲ್ಲಿ ಮುದಿ ಹಂಸವೊಂದು ಕೊಕ್ಕೆತ್ತಿತು.

“ಮಾಚಲೆಯ ತಾಯಿ. ಕೂಸಿಗೆ ಹಾಲು ಕೊಟ್ಟೆಯೋ ಇಲ್ಲವೋ? ಬಿಸಿಲಿನಲ್ಲಿ ಎತ್ತಿಕೊಂಡು ತಿರುಗುತ್ತಿದ್ದೀಯೆ.”

ಮಾಚಲೆ ಆ ಹಂಸವನ್ನು ಎತ್ತಿಕೊಂಡಳು.

ಧೂಮಕೇಶನ ಮುಖ ಕಪ್ಪಿಟ್ಟಿತು. ಮೂರನೆಯ ದೀಪವೊಂದನ್ನು ಅವನೇ ಗೂಡಿನಲ್ಲಿಟ್ಟು, ಮೂರನ್ನೂ ಸುತ್ತಿಸಿ ಗುರುತು ಕೆಡಿಸಿದನು. “ಇದು ಕೊನೆಯ ಕೆಲಸ. ನನ್ನ ಮಂತ್ರದ ಜೀವ ಇವುಗಳಲ್ಲೊಂದು. ಅದಕ್ಕೂ ಜಕ್ಕವ್ವೆಯೆಂದೇ ಹೆಸರಿಟ್ಟಿದ್ದೇನೆ. ‘ಜಕ್ಕವ್ವೆ, ಆರು’ ಎನ್ನು, ಆರುತ್ತದೆ. ಸುಲಭವಲ್ಲವೇ?”

ಹಾಗೆಂದರೆ ಆ ಹೆಸರಿನ ದೀಪವೆಲ್ಲ ಆರುವುದು. ಮಾಚಲೆ ಬಲಗೈಯಲ್ಲಿ ಹಂಸವನ್ನು, ಎಡಗೈಯಲ್ಲಿ ಮಗುವನ್ನು ಗೂಡಿನ ಬಳಿಗೆ ಹಿಡಿದಳು. ಒಂದು ಕುಡಿ ಬಲಕ್ಕೆ ಬಾಗಿತು. ಒಂದು ಎಡಕ್ಕೆ ಬಾಗಿತು. ಇನ್ನೊಂದು ನೆಟ್ಟಗೆ ನಿಂತಿತ್ತು. ಬಾಗಲು ಅದಕ್ಕೆ ಯಾರೂ ಇರಲಿಲ್ಲ. ಹಂಸವನ್ನು ಕೆಳಗಿಳಿಸಿ, ಆ ಕುಡಿಯೊಂದನ್ನೇ ಅವಳು ಎರಡು ಬೆರಳಿನಿಂದ ಚಿವುಟಿದಳು. ಬೆರಳು ಸುಟ್ಟಿತು. ಮುಖದಲ್ಲಿ ತೋರಗೊಡಲಿಲ್ಲ.

ಧೂಮಕೇಶ ಹೊಗೆಯಾಗಿ ಗಿರಿಯ ಆಚೆಗೆ ಕರಗಿಹೋದನು. ಮಾಚಲೆಯ ಪಕ್ಕದ ಹಂಸ ಮತ್ತೆ ತಾಯಿಯಾಗಿ ನಿಂತಿತು. ಕೊಳದಿಂದ ಹೆಂಗಸರು, ಗಂಡಸರು ಸೀರೆ ಪಂಚೆ ಹಿಂಡಿಕೊಳ್ಳುತ್ತ ಮೇಲೆ ಬಂದರು. ಎಲ್ಲ ರಾಜ್ಯಗಳಲ್ಲಿಯೂ ಆರಿದ ದೀಪಗಳು ಹೊತ್ತಿಕೊಂಡವು.

ಬಲ್ಲರಸನು ಕರೆಮನೆಯ ಗೂಡುಗಳನ್ನೆಲ್ಲ ಒಳಕ್ಕೆ ಕೊರೆಯಲು ಮಾಚಲೆಯನ್ನು ಬೇಡಿಕೊಂಡನು. ಅವಳು ಕೊರೆದಳು. ಅಂದಿನಿಂದ ರಾಜನು ಕೇತಯ್ಯನೆಂದು ಕರೆದರೆ ಏಳು ಮಂದಿಯೂ ಬರುತ್ತಾರೆ. ಏಳು ಮಂದಿಗೂ ಮಜ್ಜಿಗೆ ಕೊಟ್ಟು, ಬೇಕಾದವನನ್ನು ಉಳಿಸಿಕೊಂಡು, ಮಿಕ್ಕವರನ್ನು ಮರ್ಯಾದೆಯಿಂದ ಕಳುಹಿಸುತ್ತಾನೆ. ರಾಜ್ಯ ಸುಖವಾಗಿದೆ.

“ಇನ್ನೊಂದು ಹೆಣ್ಣಾದರೆ ಯಾವ ಹೆಸರು?” ಎಂದು ರಾಜನು ಮೆಲ್ಲಗೆ ಕೇಳಿದನು.

ಆ ಮಗುವಿಗೂ ಜಕ್ಕವ್ವೆಯೆಂದೇ ಹೆಸರಿಡಲು ಮಾಚಲೆ ನಿಶ್ಚಯಿಸಿದಳು.