ಎಡಗಡೆಯ ಕಾರ್ಬ್ಯುರೇಟರ್

1998ರ ಫೆಬ್ರುವರಿ 11, ಬುಧವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಕಡಲತಡಿಯ ಊರು ವೈಕಾರೊದ ಪೊಲೀಸ್ ಠಾಣೆಯ ಮೇಜಿನ ಮುಂದೆ ಅಲೆಕ್ ಗೆಡ್ಡಿಸ್ ಬಂದು ನಿಂತ. ಅರವತ್ತೆಂಟು ವರ್ಷ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಫಿಟ್ಟರ್. ಉಗುರಿನ ಸಂದಿಯ ಗ್ರೀಸಿಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

"ನನ್ನ ಶೆಡ್ಡಿಗೆ ಯಾರೋ ನುಗ್ತಿದಾರೆ."

"ಏನ್ ಹೋಗಿದೆ?" ಸಾರ್ಜೆಂಟ್ ಹೇಮಿ ಪರಾಟಾ ಪೆನ್ನಿನ ಮುಚ್ಚಳ ತೆಗೆದ.

"ಏನೂ ಹೋಗಿಲ್ಲ."

"ಏನ್ ಮುರಿದಿದಾರೆ?"

"ಏನೂ ಮುರಿದಿಲ್ಲ. ಬೈಕಿನ ಕಾರ್ಬ್ಯುರೇಟರ್ ತಿರುಗಿಸಿ ಹೋಗ್ತಾರೆ. ಎಡಗಡೇದು ಮಾತ್ರ. ಮೂರು ಮಂಗಳವಾರ ಆಯ್ತು."

ಕಾನ್‌ಸ್ಟೇಬಲ್ ಲೋಸಾ ಫಾಲೆಒಲೊ ಟೀ ಲೋಟವನ್ನು ಬಾಯಿಗೆ ಅಡ್ಡ ಹಿಡಿದಳು.

"ನಗು ತಾಯಿ, ನಗು. ಇಪ್ಪತ್ತೊಂದನೇ ತಾರೀಕು ಕಡಲತೀರದ ಓಟ ಇದೆ. ನೂರಾ ಹತ್ತು ಮೈಲಿ ಸ್ಪೀಡಲ್ಲಿ ಎಂಜಿನ್ ಬಿಗಿದ್ರೆ, ಮರಳಲ್ಲಿ ನನ್ನ ಮೂಳೆ ಆರಿಸೋಕೆ ನೀನೇ ಬರ್ಬೇಕು."

ಲೋಸಾ ಲೋಟ ಕೆಳಗಿಟ್ಟಳು. ದೂರು ದಾಖಲಾಯಿತು.

11 ಗಂಟೆಗೆ ಸ್ಥಳದ ಪಂಚನಾಮೆ. ಅಗಸೆ ಎಣ್ಣೆಯ ವಾಸನೆಯ ತಗಡಿನ ಶೆಡ್ಡಿನ ನಡುವೆ ಬೈಕು ನಿಂತಿತ್ತು. 1959ರ ನಾರ್ಟನ್ ಚೌಕಟ್ಟು, ಅದರೊಳಗೆ ಟ್ರಯಂಫ್ ಎಂಜಿನ್. ಎರಡು ಸಿಲಿಂಡರಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರ್. ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಮುಂದಾಗದಂತೆ, ಜೊತೆಯಾಗಿ ಉಸಿರಾಡಬೇಕಾದ ಜೋಡಿ. ಪ್ರತಿ ಸ್ಕ್ರೂವಿನ ತಲೆಯ ಅಂಚಿನ ಮೇಲೆ ಅಲೆಕ್ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದ. ಬಲಗಡೆಯ ಚುಕ್ಕೆ ನೇರವಾಗಿತ್ತು. ಎಡಗಡೆಯದು ಕಾಲು ಸುತ್ತು ಸರಿದಿತ್ತು.

"ಪ್ರತಿ ಬುಧವಾರ ನಾನು ಮತ್ತೆ ಸರಿ ಮಾಡ್ತೀನಿ. ಪ್ರತಿ ಮಂಗಳವಾರ ಅವ್ನು ಮತ್ತೆ ಕೆಡಿಸ್ತಾನೆ."

"ಮಂಗಳವಾರ ನೀವೆಲ್ಲಿರ್ತೀರ?"

"ಹಡಗುಕಟ್ಟೆಯಲ್ಲಿ. ಮೀನು ಹಿಡಿಯೋಕೆ."

ಗೋಡೆಗೆ ಒರಗಿಸಿದ್ದ ಗಾಳದ ಕೋಲಿನ ಮೇಲೆ ಜೇಡ ಮನೆ ಕಟ್ಟಿ ಸಂಸಾರ ಹೂಡಿತ್ತು. ಪರಾಟಾ ಅದನ್ನು ನೋಡಿದ, ಬರೆದುಕೊಳ್ಳಲಿಲ್ಲ.

"ಕೀಲಿ?"

"ಬಾಗಿಲ ಪಕ್ಕದ ಹಸಿರು ಬಣ್ಣದ ಡಬ್ಬಿ ಕೆಳಗೆ. ಯಾರಿಗೂ ಗೊತ್ತಿಲ್ಲ."

ಎಡ ಕಾರ್ಬ್ಯುರೇಟರಿನ ಬಾಯಿಯ ಅಂಚಿನಲ್ಲಿ ಲೋಸಾಗೆ ಒಂದು ಎಳೆ ಸಿಕ್ಕಿತು. ತಿಳಿನೀಲಿ ಉಣ್ಣೆ, ಎರಡು ಅಂಗುಲ. ಲಕೋಟೆಗೆ ಹಾಕಿ ಮೊಹರು ಮಾಡಿದರು. ಹೊರಡುವಾಗ ಪರಾಟಾ ಅಲೆಕ್‌ನ ಎಡಬದಿಯಿಂದ ಕೇಳಿದ: "ನಿಮಗೆ ಆಗದವರು ಯಾರಾದ್ರೂ ಇದಾರಾ?" ಉತ್ತರ ಬರಲಿಲ್ಲ. ಬಲಕ್ಕೆ ನಡೆದು ಅದನ್ನೇ, ಅಷ್ಟೇ ಮೆಲ್ಲಗೆ ಕೇಳಿದ.

"ಇದ್ದೋರೆಲ್ಲಾ ಸತ್ತೋದ್ರು," ಎಂದ ಅಲೆಕ್.

ಗುರುವಾರ ಬೀದಿಯ ಮನೆಗಳ ವಿಚಾರಣೆ. ಹೇಳಿಕೆಗಳು ವಿಚಿತ್ರವಾಗಿದ್ದವು. ಅಂಚೆಯವನೆಂದ: "ಮಂಗಳವಾರ ಎರಡು ಗಂಟೆಗೆ ಅಲೆಕ್ ಶೆಡ್ಡಲ್ಲೇ ಇದ್ನಲ್ಲ, ಬೈಕ್ ಸ್ಟಾರ್ಟ್ ಮಾಡಿದ್ದು ಕೇಳಿಸ್ತು." ಮೂಲೆಯ ಬೇಕರಿಯವಳೂ ಅದನ್ನೇ ಹೇಳಿದಳು. ಅಂದರೆ ನುಗ್ಗಿದವರು ಎಂಜಿನ್ನನ್ನೂ ಒದ್ದು ಎಬ್ಬಿಸಿದ್ದರು. ಆ ಎಂಜಿನ್ ಅಪರಿಚಿತರ ಕಾಲಿಗೆ ಮಣಿಯುವ ಜಾತಿಯದಲ್ಲ.

ಬೇಲಿಯಾಚೆಯ ಮನೆ ನೋಲೀನ್ ಪುಲ್ಲರ್‌ಳದು. ಅರವತ್ತನಾಲ್ಕರ ವಿಧವೆ. ಚೀಸ್ ರೋಲ್ ತಟ್ಟೆಯನ್ನು ಮುಂದಿಟ್ಟಳು.

"ಮಂಗಳವಾರ ಮಧ್ಯಾಹ್ನ ಏನಾದ್ರೂ ಸದ್ದು ಕೇಳಿಸ್ತಾ?"

"ಇಲ್ಲ ಕಣಪ್ಪ."

"ಬೈಕಿನ ಸದ್ದು?"

"ಏನೂ ಕೇಳಿಸ್ಲಿಲ್ಲ ಅಂದ್ನಲ್ಲ ಹೇಮಿ. ಬಿಸಿ ಆರೋಗುತ್ತೆ, ತಿನ್ನು. ನಿಮ್ಮಪ್ಪನ ಥರಾನೇ, ತಟ್ಟೆ ಮುಂದೆ ಕೂತು ಯೋಚ್ನೆ ಮಾಡ್ತೀಯ."

"ಅಲೆಕ್ ಗೆಡ್ಡಿಸ್ ಜೊತೆ ಮಾತುಕತೆ ಹೇಗೆ?"

"ಮೂವತ್ತೊಂದು ವರ್ಷದಿಂದ ಇಲ್ಲ."

ಠಾಣೆಗೆ ಮರಳಿ ಪರಾಟಾ ಹಳೆಯ ಕಡತ ತೆಗೆಸಿದ. 1967ರ ಫೆಬ್ರುವರಿ, ಕಡಲತೀರದ ಓಟ. ಮೃತ: ಮೆರ್ವಿನ್ ಪುಲ್ಲರ್, ನೋಲೀನ್‌ಳ ಗಂಡ. ಎಡ ಸಿಲಿಂಡರಿಗೆ ಪೆಟ್ರೋಲು ಸಾಲದೆ ಕಾದು ಪಿಸ್ಟನ್ ಬಿಗಿದು, ಹಿಂದಿನ ಚಕ್ರ ಕಚ್ಚಿ ಬಿದ್ದದ್ದು. ಅಂದು ಕಾರ್ಬ್ಯುರೇಟರ್ ಹೊಂದಿಸಿದವನು: ಅವನ ಜೊತೆಗಾರ, ಎ. ಗೆಡ್ಡಿಸ್.

"ಸೇಡು ಇರಬಹುದಾ ಸಾರ್?" ಲೋಸಾ ಕೇಳಿದಳು.

"ಇರಬಹುದು. ಮೊದ್ಲು ಕೇಳಿ ನೋಡೋಣ."

ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಅಲೆಕ್ ಎಂಜಿನ್ ಓಡಿಸುತ್ತ ನಿಂತ. ಅದು ಎಲ್ಲೆಲ್ಲಿಗೆ ಹೇಗೆ ಕೇಳಿಸುತ್ತದೆಂದು ನೋಡಲು ಪರಾಟಾ ಮತ್ತು ಲೋಸಾ ಆ ಸದ್ದನ್ನು ಹಿಂದೆ ಬಿಟ್ಟು ನಡೆದರು. ಚರ್ಚಿನ ಗೋಡೆಯ ಬಳಿ ಅದು ಬರೀ ಗದ್ದಲ. ಹಡಗುಕಟ್ಟೆಯಲ್ಲಿ ದುಂಬಿಯ ಗುಂಯ್. ಕೊನೆಗೆ ನೋಲೀನ್ ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಆಕೆಯ ಹಿತ್ತಲಿನ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಬಂದು ನಿಂತರು. ಎರಡು ತಗಡುಗೋಡೆಗಳ ಸಂದಿಯಿಂದ ಸದ್ದು ಬಾಣದಂತೆ ಬರುತ್ತಿತ್ತು. ಪರಾಟಾಗೆ ಏನೂ ಬೇರೆಯೆನ್ನಿಸಲಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡುವ ಲೋಸಾ ತಲೆ ವಾಲಿಸಿದಳು.

"ಸಾರ್, ಇಲ್ಲಿ ಎರಡು ದನಿ ಇದೆ. ಬಲಗಡೇದು ತುಂಬಿಕೊಂಡು ಹಾಡುತ್ತೆ. ಎಡಗಡೇದಕ್ಕೆ ಉಸಿರು ಸಾಲ್ತಿಲ್ಲ."

"ಈಗ ಸ್ಕ್ರೂ ಹೊಂದಿಸಿರೋದು ಯಾರು?"

"ಗೆಡ್ಡಿಸ್ ಅವ್ರೇ, ಸಾರ್."

ಪರಾಟಾ ತಂತಿಯ ಮೇಲಿನ ಒದ್ದೆ ದಿಂಬುಚೀಲವನ್ನು ಸರಿಸಿ ಬೇಲಿಯಾಚೆಯ ಶೆಡ್ಡಿನ ಕಡೆ ನೋಡಿದ. ಇಡೀ ಬೀದಿಗೆ ಕೇಳಿಸಿದ ಸದ್ದು, ಎಲ್ಲರಿಗಿಂತ ಚೆನ್ನಾಗಿ ಕೇಳಿಸಬೇಕಾದವಳಿಗೆ ಮಾತ್ರ ಕೇಳಿಸಿರಲಿಲ್ಲ.

ಫೆಬ್ರುವರಿ 17, ಮಂಗಳವಾರ. 12 ಗಂಟೆ 40ಕ್ಕೆ ಅಲೆಕ್ ಗಾಳವಿಲ್ಲದೆ ನಗರದ ಬಸ್ ಹತ್ತಿದ. 1 ಗಂಟೆಗೆ ಪರಾಟಾ, ಲೋಸಾ ಇಬ್ಬರೂ ಹಿಂಬದಿಯ ಕಿಟಕಿಯಿಂದ ಶೆಡ್ಡಿನೊಳಗೆ ಇಳಿದು, ಮೂಲೆಯಲ್ಲಿ ಮಗುಚಿಟ್ಟಿದ್ದ ಹಳೆಯ ದೋಣಿಯ ಹಿಂದೆ ಕುಳಿತರು. 2 ಗಂಟೆ 5 ನಿಮಿಷಕ್ಕೆ ಹೊರಗೆ ಡಬ್ಬಿ ಸರಿದ ಸದ್ದು. ಬೀಗ ತಿರುಗಿತು.

ನೋಲೀನ್ ಒಳಬಂದಳು. ತಿಳಿನೀಲಿ ಹೆಣಿಗೆಯ ಚೀಲದಿಂದ ಎರಡು ಹೆಣಿಗೆ ಕಡ್ಡಿ, ಒಂದು ಗೇಣುದ್ದ ರಬ್ಬರ್ ಕೊಳವೆ ತೆಗೆದಳು. ಒಂದೊಂದು ಕಾರ್ಬ್ಯುರೇಟರಿನ ಬಾಯೊಳಗೆ ಒಂದೊಂದು ಕಡ್ಡಿಯ ತುದಿ ಇಟ್ಟು ಆಕ್ಸಿಲರೇಟರ್ ತಿರುವಿದಳು. ಹೊರಗೆ ಚಾಚಿದ ಎರಡು ತುದಿಗಳು ಒಟ್ಟಿಗೇ ಅಲುಗಿದವು; ಎರಡೂ ಸಮನಾಗಿ ತೆರೆಯುತ್ತಿದ್ದವು, ಕುಂದು ಬೇರೆ ಕಡೆ ಇತ್ತು. ಕಡ್ಡಿ ತೆಗೆದಿಟ್ಟು, ಲಂಗ ಸರಿಪಡಿಸಿಕೊಂಡು, ಎರಡೇ ಒದೆತಕ್ಕೆ ಎಂಜಿನ್ ಎಬ್ಬಿಸಿದಳು. ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಎಡ ಕಾರ್ಬ್ಯುರೇಟರಿನ ಬಾಯಿಗೆ. ಕಣ್ಣು ಮುಚ್ಚಿದಳು. ಮಗುವಿನ ಎದೆಗೆ ಕಿವಿಗೊಟ್ಟವಳ ಮುಖ ಅದು.

ಪರಾಟಾ ಎದ್ದು ನಿಂತ. ಆಕೆ ಬೆಚ್ಚಲಿಲ್ಲ.

"ನೋಲೀನ್ ಪುಲ್ಲರ್, ಅನುಮತಿ ಇಲ್ಲದೆ..."

"ಆಮೇಲೆ ಹೇಳು. ಈಗ ಬಂದು ಇದನ್ನ ಹಿಡ್ಕೋ. ಅಲುಗಿಸ್ಬೇಡ."

ಸಾರ್ಜೆಂಟ್ ಆಕ್ಸಿಲರೇಟರ್ ಹಿಡಿದ. ಆಕೆ ಸ್ಕ್ರೂ ತಿರುವಿದಳು, ಕಾಲು ಸುತ್ತು. ಎಡಗಡೆಯ ಸೀಳುದನಿ ದಪ್ಪಗಾಯಿತು, ಬಲದ ದನಿಯೊಳಗೆ ಸೇರಿ ಒಂದಾಯಿತು. ಈ ಸಲ ಪರಾಟಾಗೂ ಕೇಳಿಸಿತು.

"ಈಗ ಹೇಳು," ಎಂದಳು, ಎಂಜಿನ್ ಆರಿಸಿ.

ಬಂಧನದ ಸಮಯ 2 ಗಂಟೆ 22 ನಿಮಿಷ. ಹೆಣಿಗೆ ಕಡ್ಡಿ ಎರಡು, ರಬ್ಬರ್ ಕೊಳವೆ ಒಂದು ವಶ.

ಠಾಣೆಯಲ್ಲಿ ಆಕೆ ಹೇಳಿಕೆ ಕೊಟ್ಟಳು.

"ಆಗೆಲ್ಲ ಕೇಳೋ ಕೆಲ್ಸ ನಂದು. ಮೆರ್ವ್, ಅಲೆಕ್ ಇಬ್ರೂ ಸ್ಕ್ರೂ ತಿರುಗಿಸೋರು, ನಾನು ಕಿವಿ. ಅವತ್ತು ಬೆಳಿಗ್ಗೆ ಮೆರ್ವ್ ಜೊತೆ ಜಗಳ ಆಗಿತ್ತು, ಹೋಗ್ಲಿಲ್ಲ. ಬಟ್ಟೆ ಒಣಹಾಕ್ತಿದ್ದೆ. ಬೈಕು ಬೀದೀಲಿ ಹಾದುಹೋಯ್ತು. ಎಡಗಡೇದು ಸೊರಗಿತ್ತು, ಕೇಳಿಸ್ತು. ಬಾಯಲ್ಲಿ ಕ್ಲಿಪ್ ಕಚ್ಕೊಂಡಿದ್ದೆ. ಓಡಿದ್ರೆ ಸಿಕ್ತಿದ್ದ. ಸಾಯಂಕಾಲ ಬರ್ಲಿ, ಹೇಳ್ತೀನಿ ಅಂದ್ಕೊಂಡೆ. ಹೋದ ತಿಂಗಳು ಅದೇ ತಂತಿ ಕೆಳಗೆ ಅದೇ ಸದ್ದು ಮತ್ತೆ ಬಂತು ಹೇಮಿ. ಹೋಗಿ ಹೇಳೋಕೆ ಮುಖ ಇರ್ಲಿಲ್ಲ. ಕೈ ಇತ್ತು."

3 ಗಂಟೆ 50ಕ್ಕೆ ಬಸ್ಸಿನಿಂದಿಳಿದ ಅಲೆಕ್‌ನನ್ನು ಲೋಸಾ ಕರೆತಂದಳು. ಅವನ ಜೇಬಿನಲ್ಲಿ ನಗರದ ಕಿವಿ ವೈದ್ಯರ ಚೀಟಿಯಿತ್ತು. ಎಡಗಿವಿ ಸಂಪೂರ್ಣ ಹೋಗಿದೆ ಎಂದು ಅದರಲ್ಲಿ ಬರೆದಿತ್ತು. ಅವನು ಬೆಂಚಿನ ನಡುವೆ ಕುಳಿತ, ನೋಲೀನ್ ಅವನ ಎಡಕ್ಕಿದ್ದಳು.

"ಕಾರ್ಬ್ಯುರೇಟರ್ ತಪ್ಪಾಗಿ ಹೊಂದಿಸಿದೋನು ನಾನು," ಎಂದ ಗೋಡೆಗೆ. "ಆಗಲೂ, ಈಗಲೂ."

"ಕೇಳಿಸಿಕೊಂಡೂ ಸುಮ್ನಿದ್ದೋಳು ನಾನು," ಎಂದಳು. ಅವನು ತಿರುಗಲಿಲ್ಲ. ಆಕೆಗೆ ಅರ್ಥವಾಯಿತು. ಎದ್ದು, ಸುತ್ತಿ ಬಂದು, ಅವನ ಬಲಬದಿಗೆ ಕೂತು ಮತ್ತೊಮ್ಮೆ ಹೇಳಿದಳು.

ಅಲೆಕ್ ಅವಳ ಕಡೆ ತಿರುಗಿದ.

"ಕೀಲಿ ಇನ್ನೂ ಅಲ್ಲೇ ಇದೆ ಅಂತ ಹೇಗ್ ಗೊತ್ತಾಯ್ತು?"

"ನೀನು ಬದಲಾಯ್ಸಲ್ಲ ಅಂತ ಗೊತ್ತಿತ್ತು."

"ಬದಲಾಯ್ಸೋಕೆ ಮನಸ್ಸಾಗ್ಲಿಲ್ಲ ನೋಲೀನ್." ಮೂಗು ಒರೆಸಿಕೊಂಡ. "ಶನಿವಾರ ಬೆಳಿಗ್ಗೆ ಆರಕ್ಕೇ ಓಟಕ್ಕೆ ಹೊರಡ್ತೀನಿ."

"ಐದಕ್ಕೆ ಬಾಗಿಲು ತೆಗಿ. ಕೇಳದೆ ಬಿಡಲ್ಲ ನಿನ್ನ."

ಆರೋಪಿಗೆ ಎಚ್ಚರಿಕೆ ನೀಡಿ ಬಿಡುಗಡೆ ಮಾಡಲಾಯಿತು. ಮಾಲೀಕ ಇಲ್ಲದಿರುವಾಗ ಶೆಡ್ಡಿಗೆ ಕಾಲಿಡಕೂಡದೆಂಬ ಷರತ್ತನ್ನು ಪರಾಟಾ ತಾನೇ ಸೇರಿಸಿದ. ವಶಪಡಿಸಿಕೊಂಡ ವಸ್ತುಗಳನ್ನು ಸಹಿ ಪಡೆದು ಹಿಂತಿರುಗಿಸಿದ. ಇಬ್ಬರೂ ಹೋದ ಮೇಲೆ ಕಡತ ಮುಚ್ಚಲು ಒಂದೇ ಕಲಮು ಉಳಿದಿತ್ತು: ಕೃತ್ಯಕ್ಕೆ ಕಾರಣ. 'ಸೇಡು' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಗುರುವಾರದ ಪದವನ್ನು ಉಜ್ಜಿ ಅಳಿಸಿದ. 'ಪಶ್ಚಾತ್ತಾಪ' ಎಂದು ಬರೆದು, ಅದನ್ನೂ ಅಳಿಸಿದ. ಕೊನೆಗೆ ಶಾಯಿಯಲ್ಲಿ ಬರೆದ:

ಆರೋಪಿಗೆ ಕೇಳಿಸಿತು.